ನಾವೇ ಬಳಸಿ ನೋಡಿದ್ದು

"ದಿನಾ ಬೆಳಿಗ್ಗೆ ಕೆಲಸ ಶುರು ಮಾಡೋ ಮುಂಚೆ ಒಬ್ಬೊಬ್ಬರೂ ಒಂದೊಂದು ಒಳ್ಳೆ ವಿಷಯ ಹೇಳೋಣ," ಎಂದಳು ವಿಭಾಗಕ್ಕೆ ಹೊಸ ಮುಖ್ಯಸ್ಥೆಯಾಗಿ ಬಂದ ಅವಳು, ಮೊದಲ ದಿನವೇ, ನಾಲ್ಕು ಕುರ್ಚಿಗಳನ್ನು ದುಂಡಗೆ ಇಡಿಸಿ. "ದೊಡ್ಡದೇ ಆಗಬೇಕಿಲ್ಲ. ಚಿಕ್ಕದಾದರೂ ಸಾಕು."

ಕಹಿ ಔಷಧಿ ಹಿಡಿದು ಬಂದವಳನ್ನು ಮಕ್ಕಳು ನೋಡುವ ಹಾಗೆ ಮೂವರೂ ಅವಳನ್ನು ನೋಡಿದರು.

"ನಾನಿನ್ನೂ ಬದುಕಿದ್ದೀನಿ ಮೇಡಂ," ಎಂದ ಫೋಟೋ ತೆಗೆಯುವವನು.

"ತಲೆನೋವು ನಿನ್ನೆಗಿಂತ ಕಮ್ಮಿ," ಎಂದಳು ಅಂಕಿಸಂಖ್ಯೆ ನೋಡಿಕೊಳ್ಳುವವಳು. ಐವತ್ತು ದಾಟಿದ ಹೆಂಗಸು. ಎಲ್ಲರಿಗೂ ಅವಳು ಲೆಕ್ಕದಕ್ಕ.

ಮೂರನೆಯವನು ಬರೆಯುವವನು. ಕೈಕಟ್ಟಿ, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. "ಇವತ್ತು ಲಿಫ್ಟ್ ಕೆಟ್ಟಿಲ್ಲ," ಎಂದ.

"ನೋಡಿದ್ರಾ! ಇಂಥದ್ದೇ ಬೇಕಾಗಿದ್ದು," ಎಂದಳು ಅವಳು, ಮುಖ ಅರಳಿಸಿ.

"ನಮ್ಮ ಬಿಲ್ಡಿಂಗಿಗೆ ಲಿಫ್ಟೇ ಇಲ್ಲ ಮೇಡಂ. ಅದಕ್ಕೇ ಕೆಟ್ಟಿಲ್ಲ."

ಮೂರು ಮಹಡಿ ಏದುಸಿರು ಬಿಟ್ಟುಕೊಂಡು ಹತ್ತಿ ಬಂದವಳು ಅವಳೇ. ಉಳಿದಿಬ್ಬರೂ ನಗು ನುಂಗಿದರು. ಅವನು ಮಾತ್ರ ನಗಲಿಲ್ಲ. ಒಂದೇ ಒಂದು ಕ್ಷಣ ಕಣ್ಣೆತ್ತಿ, ಬಾಣ ನಾಟಿತೋ ಇಲ್ಲವೋ ಎಂದು ನೋಡುವವನ ಹಾಗೆ ಅವಳನ್ನು ನೋಡಿ, ಮತ್ತೆ ಕಿಟಕಿಯ ಕಡೆ ತಿರುಗಿದ.

ಅವನ ಅಡ್ಡಹೆಸರು ಹಾಗಲಕಾಯಿ ಎಂದು ಅವಳಿಗೆ ಗೊತ್ತಾಗಿದ್ದು ಆ ಮಧ್ಯಾಹ್ನ. ತನಗೆ ಆಗಲೇ ಟಾನಿಕ್ ಎಂದು ಹೆಸರಿಟ್ಟಾಗಿದೆ ಎಂದು ಗೊತ್ತಾಗಿದ್ದು ಸಂಜೆ.

ಆ ಆಫೀಸಿನ ಕೆಲಸ ಹೇಳುವುದಕ್ಕೆ ಸುಲಭ. ಮನೆಗೆ ಬೇಕಾದ ಕೆಟಲ್, ಕುಕ್ಕರ್, ಇಸ್ತ್ರಿಪೆಟ್ಟಿಗೆ, ಫ್ಯಾನು, ಇಂಥವುಗಳ ಬಗ್ಗೆ ವೆಬ್‌ಸೈಟಿನಲ್ಲಿ ಬರೆಯುವುದು. ಬರಹದ ಕೆಳಗೆ 'ಇಲ್ಲಿ ಕೊಳ್ಳಿ' ಎಂಬ ಲಿಂಕ್. ಅದರೊಳಗೆ ಈ ಆಫೀಸಿನ ಕೋಡ್ ಅಡಗಿರುತ್ತದೆ. ಓದಿದವರು ಅದನ್ನು ಒತ್ತಿ ಕೊಂಡರೆ ಮಾರುವ ಕಂಪನಿ ಇವರಿಗೆ ಕಮಿಷನ್ ಕೊಡುತ್ತದೆ. ಅಫಿಲಿಯೇಟ್ ಮಾರ್ಕೆಟಿಂಗ್ ಅನ್ನುವ ದೊಡ್ಡ ಹೆಸರಿನ ಒಳಗಿರುವುದು ಇಷ್ಟೇ. ಜನ ನಂಬಬೇಕು, ಒತ್ತಬೇಕು.

ಒತ್ತುವವರು ಕಮ್ಮಿಯಾಗುತ್ತಿದ್ದರು. ಬರೆಯುವವರ ಮುಖ ಹುಳಿಯಾಗಿತ್ತು. ಯಾವ ಹೊಸ ಯೋಚನೆ ಹೇಳಿದರೂ "ಆಗಲ್ಲ ಬಿಡಿ" ಎಂಬ ಒಂದೇ ಉತ್ತರ.

"ಒಂದು ಪಾತ್ರೆ ಹಾಲು ಕೆಡೋಕೆ ಒಂದು ತೊಟ್ಟು ಹುಳಿ ಸಾಕು," ಎಂದಿದ್ದರು ಮಾಲೀಕರು, ಅವಳನ್ನು ಕೆಲಸಕ್ಕೆ ಸೇರಿಸಿಕೊಂಡ ದಿನ, ಗಾಜಿನ ಬಾಗಿಲು ಮುಚ್ಚಿಕೊಂಡು. "ಆ ತೊಟ್ಟು ಯಾರು ಅಂತ ನಿಮಗೇ ಗೊತ್ತಾಗುತ್ತೆ. ಮೂರು ತಿಂಗಳು ಟೈಮ್ ಕೊಡ್ತೀನಿ. ಸರಿ ಮಾಡಿ, ಇಲ್ಲ ಕಳಿಸಿ. ಎರಡೂ ಆಗಲಿಲ್ಲ ಅಂದ್ರೆ ಈ ವಿಭಾಗಾನೇ ಮುಚ್ತೀನಿ. ನಾಲ್ಕು ಮನೆ ಇದರ ಮೇಲೆ ನಿಂತಿವೆ, ನೆನಪಿರಲಿ."

ಆ ನಾಲ್ಕರಲ್ಲಿ ಒಂದು ಅವಳದೇ. ಮನೆಯಲ್ಲಿ ಅಮ್ಮ ಒಬ್ಬಳೇ. ಇದ್ದ ಕೆಲಸ ಬಿಟ್ಟು ಇಲ್ಲಿಗೆ ಬಂದಾಗಿತ್ತು, ಹಿಂದಿನ ಬಾಗಿಲು ಮುಚ್ಚಿತ್ತು.

*

ಹಾಗಲಕಾಯಿಯನ್ನು ಸರಿ ಮಾಡಬೇಕಾದರೆ ಮೊದಲು ಅದರ ಕಹಿ ಎಲ್ಲಿದೆ ಎಂದು ತಿಳಿಯಬೇಕಲ್ಲ? ಅವಳು ಅವನನ್ನು ಗಮನಿಸತೊಡಗಿದಳು. ಕೆಲಸಕ್ಕಾಗಿಯೇ ಗಮನಿಸುತ್ತಿದ್ದೇನೆ ಎಂದು ಮೂರು ವಾರ ತನಗೆ ತಾನೇ ಹೇಳಿಕೊಂಡಳು.

ಅವನು ಎಲ್ಲರಿಗಿಂತ ಮೊದಲು ಬರುತ್ತಿದ್ದ. ಬರೆಯುವಾಗ ಕೆಳತುಟಿಯನ್ನು ಎಡಗಡೆಗೆ ಕಚ್ಚಿಕೊಳ್ಳುತ್ತಿದ್ದ. ಅವಳ ಕುರ್ಚಿಯ ಗಾಲಿ ಕಿರುಗುಟ್ಟುತ್ತದೆಂದು ಅವಳು ಯಾರಿಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಅದು ಸದ್ದಿಲ್ಲದೆ ಉರುಳಿತು.

"ಎಣ್ಣೆ ಹಾಕಿದ್ದು ನೀವಾ?"

"ಆ ಸದ್ದಿಗೆ ನನಗೆ ಬರೆಯೋಕೆ ಆಗ್ತಿರಲಿಲ್ಲ," ಎಂದ, ತಲೆ ಎತ್ತದೆ.

"ಥ್ಯಾಂಕ್ಸ್ ಅಂದ್ರೆ ಬೈತೀರೇನೋ."

"ಬೈಯಲ್ಲ. ನಂಬಲ್ಲ, ಅಷ್ಟೇ."

ಆದರೆ ಕಿವಿಯ ತುದಿ ಕೆಂಪಾಗಿದ್ದನ್ನು ಅವಳು ನೋಡಿದಳು. ನೋಡಿದ್ದನ್ನು ಅವನೂ ನೋಡಿದ.

ಇನ್ನೊಂದು ದಿನ ಅವಳು ಬರೆದ ಬರಹವನ್ನು ತಂದು ಮುಂದಿಟ್ಟ. ಒಂದು ಪದದ ಮೇಲೆ ಕೆಂಪು ಗೆರೆ.

"'ಅದ್ಭುತ ಕುಕ್ಕರ್' ಅಂದ್ರೇನು ಮೇಡಂ?"

"ಓದೋರಿಗೆ ಉತ್ಸಾಹ ಬರಲಿ ಅಂತ."

"ಕುಕ್ಕರ್‌ನಲ್ಲಿ ಅನ್ನ ಆಗುತ್ತೆ. ಅದ್ಭುತ ಆಗಲ್ಲ."

ಅವಳಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಅವನ ತುಟಿಯೂ ಎಡಗಡೆಗೆ ಸ್ವಲ್ಪ ಸರಿಯಿತು. ಉಕ್ಕುವ ಹಾಲಿಗೆ ಉರಿ ತಗ್ಗಿಸಿದ ಹಾಗೆ ಮರುಕ್ಷಣವೇ ಅದನ್ನು ಅಡಗಿಸಿ ತನ್ನ ಜಾಗಕ್ಕೆ ಹೋದ. ಅವಳು ಇಡೀ ಮಧ್ಯಾಹ್ನ 'ಅದ್ಭುತ'ಕ್ಕೆ ಬೇರೆ ಪದ ಹುಡುಕಿದಳು, ಸಿಗಲಿಲ್ಲ.

"ಮುಂಚೆ ಹೀಗಿರಲಿಲ್ಲ ಕಣಮ್ಮಾ ಅವನು," ಎಂದಳು ಲೆಕ್ಕದಕ್ಕ, ಊಟದ ಡಬ್ಬಿ ಮುಚ್ಚುತ್ತಾ. "ಮುಂಚೆ ನಾವು ಪ್ರತಿ ವಸ್ತುವನ್ನೂ ತರಿಸಿ, ಅಗೋ ಆ ಟೀ ಮಾಡೋ ಪ್ಯಾಂಟ್ರಿಯಲ್ಲಿ ಒಂದು ವಾರ ಬಳಸಿಯೇ ಬರೀತಿದ್ವಿ. ಪುಟದ ಮೇಲೆ 'ನಾವೇ ಬಳಸಿ ನೋಡಿದ್ದು' ಅಂತ ಇರುತ್ತಲ್ಲ, ಅದು ಅವನೇ ಬರೆದ ಸಾಲು. ಆಮೇಲೆ ಮಾಲೀಕರಿಗೆ ಅವಸರ. ವಾರಕ್ಕೆ ಒಂದು ಪುಟ ಸಾಲದು, ದಿನಕ್ಕೆ ಮೂರು ಬೇಕು ಅಂದ್ರು. ಕಂಪನಿಯವರು ಕೊಟ್ಟಿದ್ದನ್ನೇ ತಿರುಗಿಸಿ ಬರೆಯೋದು ಅಂತಾಯ್ತು."

"ಆ ಸಾಲು ಮಾತ್ರ ಇನ್ನೂ ಇದೆಯಲ್ಲ?"

"ಇದೆ." ಅವಳು ಡಬ್ಬಿಯ ಮುಚ್ಚಳವನ್ನು ಬೇಕಿಲ್ಲದಷ್ಟು ಬಿಗಿ ಮಾಡಿದಳು.

ಅಂದೇ ಅವಳು ಇನ್ನೊಂದು ಪ್ರಶ್ನೆ ಕೇಳಬಹುದಿತ್ತು. ಆದರೆ ಗಾಜಿನ ಬಾಗಿಲ ಹಿಂದಿನಿಂದ ಮಾಲೀಕರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಅವಳೂ ನೋಡಿದಳು.

*

ಹತ್ತನೇ ವಾರದ ಒಂದು ಸಂಜೆ ಮನೆಗೆ ಬಂದರೆ ಅಡುಗೆಕಟ್ಟೆಯ ಮೇಲೆ ಹೊಸ ಕೆಟಲ್.

"ಎಲ್ಲಿಂದ ಬಂತಮ್ಮಾ ಇದು?"

"ನಿಮ್ಮ ಆಫೀಸಿನ ಪುಟದಿಂದಾನೇ ತರಿಸಿದೆ." ಅಮ್ಮನ ಮುಖದಲ್ಲಿ ಪಂದ್ಯ ಗೆದ್ದ ಹೆಮ್ಮೆ. "ಒತ್ತೋರಿಲ್ಲ, ಒತ್ತೋರಿಲ್ಲ ಅಂತ ಕೊರಗ್ತಿದ್ದೆಯಲ್ಲ. ನಾನು ಒತ್ತಿದೆ."

"ಅಯ್ಯೋ ಅಮ್ಮಾ! ಮನೆಯವರು ನಮ್ಮ ಲಿಂಕಿಂದ ಕೊಳ್ಳೋ ಹಾಗಿಲ್ಲ. ಗೋಡೆ ಮೇಲೆ ದೊಡ್ಡದಾಗಿ ಬರೆದು ಅಂಟಿಸಿದ್ದಾರೆ."

"ನಿಮ್ಮ ಗೋಡೆ ನಾನೆಲ್ಲಿ ನೋಡಿದ್ದೀನೇ?" ಅಮ್ಮ ಕೆಟಲ್ ಎತ್ತಿ ತೋರಿಸಿದಳು. "ಅದಿರಲಿ. ನೀವು ಹೊಗಳಿದ್ದು ಕೆಂಪು ಕೆಟಲ್, ಬಂದಿದ್ದು ಬಿಳೀದು. ಹೆಸರೂ ಬೇರೆ. ಕನ್ನಡಕ ಹಾಕ್ಕೊಳ್ಳದೆ ಒತ್ತಿದ್ದು ನನ್ನ ತಪ್ಪೇನೋ ಅನ್ನು. ಆದ್ರೂ ಗಟ್ಟಿಮುಟ್ಟಾಗಿದೆ ಕಣೇ, ಹಿಡಿ ನೋಡು ಎಷ್ಟು ಭದ್ರ."

ಅವಳು ಫೋನ್ ತೆಗೆದು ಆ ಪುಟ ತೆರೆದಳು. ಕೆಂಪು ಕೆಟಲ್, ಆಫೀಸಿಗೆ ಅತಿ ಹೆಚ್ಚು ಓದುಗರನ್ನು ತರುವ ಪುಟ. ಮೇಲೆ 'ನಾವೇ ಬಳಸಿ ನೋಡಿದ್ದು'. ಕೆಳಗಿನ ಲಿಂಕ್ ಒತ್ತಿದಳು. ಬಿಳಿ ಕೆಟಲ್ ತೆರೆದುಕೊಂಡಿತು.

ಆ ಲಿಂಕನ್ನು ಕೊನೆಯದಾಗಿ ಬದಲಿಸಿದವರು ಯಾರು ಎಂಬುದು ಆಫೀಸಿನ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ. ಮರುದಿನ ಬೆಳಿಗ್ಗೆ ನೋಡಿದಳು. ನಾಲ್ಕು ತಿಂಗಳ ಹಿಂದಿನ ದಿನಾಂಕ, ಹಾಗಲಕಾಯಿಯ ಲಾಗಿನ್.

ಈ ಕಸುಬಿನಲ್ಲಿ ಕಳ್ಳತನ ಎಂದರೆ ಒಂದೇ. ಆಫೀಸಿನ ಕೋಡ್ ತೆಗೆದು ತನ್ನ ಕೋಡ್ ಹಾಕಿಕೊಳ್ಳುವುದು.

ಅವಳು ಇನ್ನೂ ಪರದೆಯನ್ನೇ ನೋಡುತ್ತಿದ್ದಾಗ ಮಾಲೀಕರು ಗಾಜಿನ ಬಾಗಿಲು ತೆರೆದರು. "ಕೆಂಪು ಕೆಟಲ್‌ನ ಕಂಪನಿಯಿಂದ ಫೋನ್. ಅಷ್ಟು ಜನ ಓದ್ತಾರೆ, ಒಂದೂ ಮಾರಾಟ ಆಗ್ತಿಲ್ಲ ಅಂದ್ರೆ ಏನರ್ಥ ಅಂತ ಕೇಳ್ತಿದಾರೆ. ನನಗೆ ಅರ್ಥ ಗೊತ್ತು. ನಾಳೆ ನಾಲ್ಕು ಗಂಟೆಗೆ ಎಲ್ಲರೂ ಸೇರೋಣ. ನನಗೆ ಹೆಸರು ಬೇಕು."

ಕೋಣೆಯ ಆ ತುದಿಯಲ್ಲಿ ಅವನು ಕೆಳತುಟಿ ಕಚ್ಚಿಕೊಂಡು ಏನೋ ಬರೆಯುತ್ತಿದ್ದ.

*

ಮರುದಿನ ಮಧ್ಯಾಹ್ನ ಎರಡೂವರೆಗೆ ಅವಳು ಅವನನ್ನು ಪ್ಯಾಂಟ್ರಿಗೆ ಕರೆದಳು. ಬಾಗಿಲು ಮುಚ್ಚಿದಳು. ಕಪಾಟಿನ ತುಂಬ ಹಳೆಯ ಕುಕ್ಕರುಗಳು, ಇಸ್ತ್ರಿಪೆಟ್ಟಿಗೆಗಳು, ಒಂದು ಕಾಲದಲ್ಲಿ ಬಳಸಿ ನೋಡಿದವು.

"ಒಂದೂವರೆ ಗಂಟೆ ಇದೆ," ಎಂದಳು. "ಕೆಟಲ್ ಪುಟದ ಲಿಂಕ್ ಬದಲಿಸಿದ್ದು ನೀವು. ಸುಳ್ಳು ಹೇಳಬೇಡಿ, ನಾನು ನೋಡಿದ್ದೀನಿ."

"ಸುಳ್ಳು ಹೇಳಲ್ಲ. ನಾನೇ."

"ಯಾಕೆ ಹೀಗೆ ಮಾಡಿದ್ರಿ? ಅಷ್ಟು ಕಷ್ಟ ಇತ್ತಾ? ಕೇಳಿದ್ರೆ..." ಮಾತು ತಡವರಿಸಿತು. "ಯಾರ ಕೋಡ್ ಹಾಕಿದ್ರಿ? ನಿಮ್ಮದೇನಾ?"

ಹತ್ತು ವಾರಗಳಲ್ಲಿ ಅವನ ಮುಖದಲ್ಲಿ ವ್ಯಂಗ್ಯ ನೋಡಿದ್ದಳು, ಬೇಸರ ನೋಡಿದ್ದಳು, ಅಡಗಿಸಿಟ್ಟ ನಗು ನೋಡಿದ್ದಳು. ನೋವು ನೋಡಿದ್ದು ಇದೇ ಮೊದಲು.

"ಕೋಡ್ ಯಾರದು ಅಂತ ತೆಗೆದು ನೋಡಿದ್ರಾ ಮೇಡಂ? ಇಲ್ಲ ನೀವೂ ನೋಡದೇನೇ ಬರೆದುಬಿಟ್ರಾ?"

ಅವಳು ನೋಡಿರಲಿಲ್ಲ.

ಅಲ್ಲೇ ಫೋನಿನಲ್ಲಿ ಲಿಂಕ್ ತೆರೆದು, ಉದ್ದದ ವಿಳಾಸವನ್ನು ಬೆರಳಿನಿಂದ ಸರಿಸುತ್ತಾ ಕೊನೆಯವರೆಗೂ ಓದಿದಳು. ಆಫೀಸಿನ ಕೋಡ್ ಇರಲಿಲ್ಲ. ಅವನದೂ ಇರಲಿಲ್ಲ. ಯಾರದೂ ಇರಲಿಲ್ಲ. ಬಿಳಿ ಕೆಟಲ್‌ನ ಕಂಪನಿ ಯಾರಿಗೂ ಕಮಿಷನ್ ಕೊಡುವುದೇ ಇಲ್ಲ ಎಂದ ಅವನು.

ಅವನು ಅಷ್ಟರಲ್ಲಿ ಕಪಾಟಿನ ಮೂಲೆಯಿಂದ ಒಂದು ಕೆಂಪು ಕೆಟಲ್ ತೆಗೆದಿದ್ದ. ಹಿಡಿ ಒಂದು ಕಡೆ, ಕೆಟಲ್ ಒಂದು ಕಡೆ. "ಪುಟ ನೋಡದೇನೇ ಬರೆದಿದ್ದೆ. ಒಂದು ಪತ್ರ ಬಂದ ಮೇಲೆ ನಾನೇ ತಂದು ಬಳಸಿ ನೋಡಿದೆ. ನಲವತ್ತನೇ ಸಲ ನೀರು ಕಾಯಿಸಿದಾಗ ಕಳಚಿಕೊಳ್ತು. ಮೊದಲೇ ನೋಡಬೇಕಿತ್ತು." ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಅವಳ ಕೈಗಿಟ್ಟ. ಓದುಗಿಯೊಬ್ಬಳ ಪತ್ರ, ಅವನೇ ಪ್ರಿಂಟ್ ಮಾಡಿಸಿಟ್ಟುಕೊಂಡದ್ದು. ಮಡಿಚಿ ಮಡಿಚಿ ಗೆರೆಗಳು ಹರಿಯುವಂತಾಗಿದ್ದವು.

*ಕೆಟಲ್ ಹಿಡಿ ಕಳಚಿ ಕೈ ಮೇಲೆ ಬಿಸಿನೀರು ಬಿತ್ತು. ಈಗ ವಾಸಿಯಾಗುತ್ತಿದೆ. ದೂರು ಹೇಳುವುದಕ್ಕೆ ಬರೆಯುತ್ತಿಲ್ಲ. ನೀವೇ ಬಳಸಿ ನೋಡಿದ್ದೀರಲ್ಲ, ನಿಮಗೆ ಏನೂ ಆಗಿಲ್ಲವೆಂದರೆ ನಾನು ಹಿಡಿದುಕೊಂಡಿದ್ದೇ ತಪ್ಪಿರಬೇಕು. ಸರಿಯಾಗಿ ಹಿಡಿಯುವುದು ಹೇಗೆ ಎಂದು ತಿಳಿಸುವಿರಾ? ಮನೆಯಲ್ಲಿ ಚಿಕ್ಕ ಮಗು ಇದೆ.*

ಅವಳು ಎರಡು ಸಲ ಓದಿದಳು. ಎರಡನೇ ಸಲ ಅಕ್ಷರಗಳು ಕಲಸಿಹೋದವು.

"ಪುಟ ತೆಗೀರಿ ಅಂತ ಮಾಲೀಕರನ್ನ ಎರಡು ಸಲ ಕೇಳಿದೆ. ಸಂಬಳ ಬರೋದೇ ಆ ಪುಟದಿಂದ ಅಂದ್ರು. ಅದಕ್ಕೇ ಲಿಂಕ್ ಬದಲಿಸಿದೆ. ಹಿಡಿ ಕಳಚದೇ ಇರೋ ಕೆಟಲಿಗೆ." ಅವನು ಬಾಗಿಲ ಕಡೆ ತಿರುಗಿದ. "ನೀವು ದಿನಾ ಬೆಳಿಗ್ಗೆ ಒಂದು ಒಳ್ಳೆ ವಿಷಯ ಕೇಳ್ತಿದ್ರಲ್ಲ ಮೇಡಂ. ಪ್ರತಿ ಸಲ ಈ ಕಾಗದ ಜೇಬಲ್ಲಿರ್ತಿತ್ತು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಬೇಕು ಅಂತ ಇತ್ತೀಚೆಗೆ ಅನಿಸ್ತಿತ್ತು." ಬಾಗಿಲ ಹಿಡಿಯ ಮೇಲೆ ಅವನ ಕೈ ನಿಂತಿತು. "ಇಡೀ ಆಫೀಸಲ್ಲಿ ನೀವೊಬ್ಬರಾದ್ರೂ ಕೇಳಿ ತಿಳ್ಕೊಳ್ತೀರಿ ಅಂದ್ಕೊಂಡಿದ್ದೆ."

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ದಢಾರನೆ ಬಡಿದಿದ್ದರೆ ಎಷ್ಟೋ ವಾಸಿ ಎನ್ನಿಸಿತು ಅವಳಿಗೆ.

*

ನಾಲ್ಕು ಗಂಟೆ. ಅದೇ ಕುರ್ಚಿಗಳು, ದುಂಡಗೆ. ಮಾಲೀಕರಿಗೆ ಇನ್ನೊಂದು.

"ಹೆಸರು," ಎಂದರು ಮಾಲೀಕರು.

ಅವಳು ಹೆಸರು ಹೇಳಲಿಲ್ಲ. ಕಾಗದ ಬಿಡಿಸಿ ಓದಿದಳು. 'ಸರಿಯಾಗಿ ಹಿಡಿಯುವುದು ಹೇಗೆ' ಎಂಬಲ್ಲಿ ದನಿ ನಡುಗಿತು, ಆದರೂ ನಿಲ್ಲಿಸಲಿಲ್ಲ.

ಓದಿ ಮುಗಿಸಿ ಕಾಗದವನ್ನು ಮತ್ತೆ ಮಡಿಚಿದಳು.

"ಆ ಪುಟದಲ್ಲಿರೋ ಫೋಟೋ ತೆಗೆದಿದ್ದು ನಾನು ಸರ್," ಎಂದ ಫೋಟೋದವನು, ತನ್ನ ಮಂಡಿಗಳನ್ನು ನೋಡುತ್ತಾ. "ಫೋಟೋಗೆ ಅಂತ ಕಂಪನಿಯವರು ಕಳಿಸಿದ್ದರ ಹಿಡಿ ಆಗಲೇ ಅಲ್ಲಾಡ್ತಿತ್ತು. ಅಲ್ಲಾಡೋದು ಫೋಟೋದಲ್ಲಿ ಕಾಣಲ್ವಲ್ಲ ಅಂತ ಸುಮ್ಮನಾದೆ."

"ಆ ಪುಟದ ಕಮಿಷನ್ ಸೊನ್ನೆ ಆಗಿರೋದು ನನಗೆ ನಾಲ್ಕು ತಿಂಗಳಿಂದ ಗೊತ್ತು," ಎಂದಳು ಲೆಕ್ಕದಕ್ಕ. "ಅದು ಬೇರೆಯಾಗಿ ಕಾಣಿಸದ ಹಾಗೆ ಎಲ್ಲ ಪುಟಗಳ ಮೊತ್ತದಲ್ಲಿ ಸೇರಿಸ್ತಾ ಬಂದೆ. ನನಗೂ ಮೊಮ್ಮಗಳಿದ್ದಾಳೆ."

ಮಾಲೀಕರ ಮುಖ ಕಪ್ಪಿಟ್ಟಿತು. "ಚೆನ್ನಾಗಿದೆ! ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಅಂತಾರಲ್ಲ, ಹಾಗಾಯ್ತು. ಮೇಡಂ, ನಿಮ್ಮನ್ನ ಕರೆಸಿದ್ದು ಇವರ ಮನಸ್ಸು ಸರಿ ಮಾಡೋಕೆ."

"ಇವರ ಮನಸ್ಸು ಕೆಟ್ಟಿಲ್ಲ ಸರ್," ಎಂದಳು. "ನಾಚಿಕೆಯಾಗಿದೆ. ನಾನು ಹತ್ತು ವಾರ ಅದನ್ನ ಬೇಸರ ಅಂದ್ಕೊಂಡು ಟಾನಿಕ್ ಕುಡಿಸ್ತಿದ್ದೆ. ಓದೋರು ಒತ್ತೋದು ಬಿಟ್ಟಿದ್ದೂ ಅದಕ್ಕೇ. ಬರೆಯೋರೇ ನಂಬದಿದ್ದನ್ನ ಓದೋರು ಯಾಕೆ ನಂಬ್ತಾರೆ? ಕೆಂಪು ಕೆಟಲ್ ಪುಟ ತೆಗೆಯೋಣ. ಆ ತಾಯಿಗೆ ತಪ್ಪು ನಮ್ಮದು ಅಂತ ಬರೆಯೋಣ. ನೋಡದೆ ಬರೆದ ಪುಟಗಳಿಂದ ಆ ಸಾಲು ಅಳಿಸೋಣ. ಮತ್ತೆ ಬಳಸಿ ನೋಡಿ, ಕೊರತೆಯನ್ನೂ ಬರೆಯೋಣ. ಉಳಿದಿರೋದು ಎರಡೇ ವಾರ, ಅದನ್ನಾದ್ರೂ ಕೊಡಿ. ಆಗಲಿಲ್ಲ ಅಂದ್ರೆ ಮೊದಲು ನನ್ನನ್ನೇ ಕಳಿಸಿ."

ಮಾಲೀಕರು ಆ ಕಾಗದಕ್ಕಾಗಿ ಕೈ ಚಾಚಿದರು. ತಾವೇ ಓದಿಕೊಂಡರು.

"ಈ ಪತ್ರ ನನಗೆ ತೋರಿಸಿರಲಿಲ್ಲ ನೀನು."

"ಎರಡು ಸಲ ತಂದಿದ್ದೆ ಸರ್," ಎಂದ ಅವನು. "ಮೊದಲು ಅಂಕಿ ಹೇಳು ಅಂದ್ರಿ."

ಮಾಲೀಕರು ಎದ್ದರು. "ಪುಟ ತೆಗೀರಿ. ಎರಡು ವಾರ ಅಲ್ಲ, ಎರಡು ತಿಂಗಳು ತಗೊಳ್ಳಿ. ಆದ್ರೆ ಹೇಳದೆ ಲಿಂಕ್ ಬದಲಿಸಿದವರನ್ನ ನಾನು ಇಟ್ಕೊಳ್ಳೋಕಾಗಲ್ಲ. ನಾಳೆ ಇನ್ನೊಬ್ಬರು ಇದನ್ನೇ ಬೇರೆ ಕಾರಣಕ್ಕೆ ಮಾಡ್ತಾರೆ."

"ಸರ್..." ಎಂದಳು ಅವಳು.

"ಅವರು ಹೇಳ್ತಿರೋದು ಸರಿ ಮೇಡಂ," ಎಂದ ಅವನು. ರಾಜೀನಾಮೆ ಜೇಬಿನಲ್ಲೇ ಇತ್ತು. ಒಂದು ಕಾಗದ ಹೊರಗೆ ಹೋದ ಜೇಬಿನಿಂದ ಇನ್ನೊಂದು ಕಾಗದ ಬಂತು.

ಹೋಗುವ ಮುಂಚೆ ಒಂದು ನೋಟ್‌ಬುಕ್ ಅವಳ ಮೇಜಿನ ಮೇಲಿಟ್ಟ. ಯಾವ ವಸ್ತುವನ್ನು ಎಷ್ಟು ಸಲ, ಹೇಗೆ ಬಳಸಿ ನೋಡಬೇಕು ಎಂದು ಒಂದೊಂದು ಪುಟದಲ್ಲೂ ಬರೆದಿತ್ತು. ಅವನು ಅವಳ ಕಣ್ಣಿನತ್ತ ನೋಡಲಿಲ್ಲ. ಅವಳು ಕರೆಯಬೇಕೆಂದು ಬಾಯಿ ತೆರೆದಳು. ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿಸುತ್ತಾ ಕೇಳಿಸುತ್ತಾ ಕೇಳಿಸದಾಯಿತು. ಮೂರು ಮಹಡಿ, ಲಿಫ್ಟೂ ಇಲ್ಲ.

*

ಆಮೇಲಿನ ಬೆಳಗುಗಳಲ್ಲಿ ಅವಳು ಒಳ್ಳೆ ವಿಷಯ ಹೇಳಿ ಎಂದು ಕೇಳುವುದನ್ನು ಬಿಟ್ಟಳು. ಅವರಾಗಿಯೇ ಹೇಳತೊಡಗಿದರು.

"ಮೇಡಂ, ಈ ಇಸ್ತ್ರಿಪೆಟ್ಟಿಗೆ ನನ್ನ ಅಂಗಿ ಸುಟ್ಟಿತು! ಬರೆಯೋಣ, ಬರೆಯೋಣ," ಎಂದು ಫೋಟೋದವನು ಸುಟ್ಟ ಅಂಗಿಯನ್ನು ಬಾವುಟದಂತೆ ಹಿಡಿದು ಬಂದ. ಕೊರತೆ ಬರೆದ ಪುಟಗಳಲ್ಲಿ ಜನ ಹೆಚ್ಚು ಹೊತ್ತು ನಿಲ್ಲುತ್ತಿದ್ದಾರೆ ಎಂದಳು ಲೆಕ್ಕದಕ್ಕ. ಆ ತಾಯಿಯಿಂದಲೂ ಎರಡು ಸಾಲಿನ ಉತ್ತರ ಬಂತು. ಆಫೀಸಿನಿಂದ ಕಳಿಸಿದ ಬಿಳಿ ಕೆಟಲ್ ತಲುಪಿತು, ಕೈ ವಾಸಿಯಾಗಿದೆ.

ಎಲ್ಲ ಸರಿಹೋಗುತ್ತಿತ್ತು. ಅವಳಿಗೆ ಮಾತ್ರ ಕುರ್ಚಿಯ ಗಾಲಿ ಕಿರುಗುಟ್ಟದಿರುವುದೇ ಕಿವಿಗೆ ಚುಚ್ಚುತ್ತಿತ್ತು. ಆ ತಾಯಿಯ ಉತ್ತರವನ್ನು ಅವನಿಗೆ ಕಳಿಸಿ, ಕೆಳಗೆ ಒಂದೇ ಸಾಲು ಬರೆದಳು: 'ನೋಡದೆ ಬರೆದಿದ್ದೆ. ತಪ್ಪಾಯ್ತು.'

ಮೂರು ದಿನ ಉತ್ತರವಿಲ್ಲ. ಆ ಮೂರು ದಿನ ಅವಳು ಫೋನನ್ನು ಒಲೆಯ ಮೇಲಿಟ್ಟ ಹಾಲಿನಂತೆ ಕಾದಳು.

ಶನಿವಾರ ಮಧ್ಯಾಹ್ನ ಕರೆಗಂಟೆ ಸದ್ದಾಯಿತು. ಅಮ್ಮನೇ ಬಾಗಿಲು ತೆರೆದಳು.

"ಮೇಡಂ ಇದಾರಾ? ಲೆಕ್ಕದಕ್ಕ ಅಡ್ರೆಸ್ ಕೊಟ್ಟರು."

"ಮೇಡಮ್ಮಾ? ಬಟ್ಟೆ ಒಣಗಿಸ್ತಿದಾಳೆ. ನೀವು ಯಾರಪ್ಪಾ?"

ಅವನು ತಡವರಿಸಿದ. ಒಳಗೆ ಅಡುಗೆಕಟ್ಟೆಯ ಮೇಲೆ ಬಿಳಿ ಕೆಟಲ್ ಕಂಡಿತು. "ಆ ಕೆಟಲ್... ನಿಮ್ಮ ಮನೆಗೆ ಹೇಗೆ ಬಂತು?"

ಅಮ್ಮ ಕೆಟಲನ್ನೂ ಅವನನ್ನೂ ಒಮ್ಮೆ ನೋಡಿದಳು. ತಾಯಂದಿರಿಗೆ ಅಷ್ಟು ಸಾಕು. "ಓಹೋ, ಕೆಂಪು ಒತ್ತಿದ್ರೆ ಬಿಳೀದು ಬರೋ ಹಾಗೆ ಮಾಡಿದವರು ನೀವೇನಾ! ಬನ್ನಿ ಒಳಗೆ. ಅದರಲ್ಲೇ ಟೀ ಮಾಡ್ತೀನಿ," ಎಂದು ನೀರು ತುಂಬಿಸಿ ಗುಂಡಿ ಒತ್ತಿ, ಸಕ್ಕರೆ ಇಲ್ಲವೆಂದು ತರುವುದಕ್ಕೆ ಪಕ್ಕದ ಮನೆಗೆ ಹೋದಳು. ಡಬ್ಬಿಯಲ್ಲಿ ಸಕ್ಕರೆ ತುಂಬಿತ್ತು.

ಒದ್ದೆ ಕೈ ಸೆರಗಿಗೆ ಒರೆಸುತ್ತಾ ಬಂದವಳು ಬಾಗಿಲಲ್ಲೇ ನಿಂತಳು.

"ಹೊಸ ಕೆಲಸ ಸಿಕ್ಕಿತು," ಎಂದ ಅವನು, ಮುನ್ನುಡಿಯಿಲ್ಲದೆ. "ವಸ್ತುಗಳನ್ನ ಮುರಿಯೋವರೆಗೂ ಪರೀಕ್ಷೆ ಮಾಡೋ ಲ್ಯಾಬು. ಸೋಮವಾರದಿಂದ."

"ನಿಮಗೆ ಹೇಳಿ ಮಾಡಿಸಿದ ಕೆಲಸ."

"ಹೂಂ." ಅವನು ಕೆಳತುಟಿ ಕಚ್ಚಿದ. "ಈಗ ನೀವು ನನ್ನ ಮೇಡಂ ಅಲ್ಲ."

"ಅಲ್ಲ."

"ಹಾಗಾದ್ರೆ ಒಂದು ಒಳ್ಳೆ ವಿಷಯ ಬಾಕಿ ಇದೆ, ಹೇಳ್ಲಾ? ನಾನು ನೋಡದೆ ಹೊಗಳಲ್ಲ, ಗೊತ್ತಲ್ಲ. ಹತ್ತು ವಾರ ದಿನಾ ನೋಡಿದ್ದೀನಿ." ಕಿವಿಯ ತುದಿ ಕೆಂಪಾಗಿತ್ತು, ಆದರೆ ಈ ಸಲ ಅವನು ಕಿಟಕಿಯ ಕಡೆ ತಿರುಗಲಿಲ್ಲ. "ಕೊರತೆ ಮೊದಲು ಹೇಳ್ತೀನಿ. 'ಅದ್ಭುತ' ಅನ್ನೋ ಪದ ಜಾಸ್ತಿ. ಕೇಳದೆ ಅನುಮಾನ ಪಟ್ಟಿದ್ದು ಒಂದು ಸಲ. ಆದ್ರೆ ತಪ್ಪು ಮಾಡಿದ್ರೆ ಎಲ್ಲರ ಎದುರು ಒಪ್ಕೊಳ್ತಾರೆ, ನಡುಗೋ ದನಿಯಲ್ಲೂ ಪತ್ರ ಕೊನೆವರೆಗೂ ಓದ್ತಾರೆ. ನಕ್ಕರೆ..." ಅವನು ನಿಲ್ಲಿಸಿದ. "ಆ ಪದ ನಾನೇ ಹೊಡೆದು ಹಾಕಿದ್ದೆ. ಬೇರೆ ಪದ ಸಿಗ್ತಿಲ್ಲ."

ಅವಳ ಕಣ್ಣು ತುಂಬಿ ಬಂತು, ತುಟಿ ಮಾತ್ರ ಹಟ ಬಿಡಲಿಲ್ಲ. "ಕೊನೇಲಿ ಶಿಫಾರಸು ಮಾಡ್ತೀರೋ ಇಲ್ಲವೋ ಬರೀಬೇಕಲ್ಲ?"

"ಮಾಡಲ್ಲ," ಎಂದ ಹಾಗಲಕಾಯಿ, ಒಂದು ಹೆಜ್ಜೆ ಹತ್ತಿರ ಬಂದು. "ಬೇರೆ ಯಾರಿಗೂ ಮಾಡಲ್ಲ."

ಕಟ್ಟೆಯ ಮೇಲೆ ಕೆಟಲ್ ಕುದಿದು, ತಾನಾಗಿಯೇ ಟಕ್ಕೆಂದು ಆರಿತು. ಇಬ್ಬರೂ ಅತ್ತ ನೋಡಲಿಲ್ಲ.